ಕಿಸೆಯೊಳಗಿನ ತಗಡಿನ ಡಬ್ಬಿ

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮನೆ ಇರುವುದು ಮಡಂತ್ಯಾರಿನಲ್ಲಿ. ವಾಮದಪದವು, ಸಿದ್ದಕಟ್ಟೆ ದಾರಿಯಾಗಿ ಸ್ಕೂಟರಿನಲ್ಲಿ ಹೋಗಿ ಬರುವುದು ಎಷ್ಟೋ ವರ್ಷದ ಅಭ್ಯಾಸ. ಈ ದಾರಿಯುದ್ದಕ್ಕೂ ಅಲ್ಲಲ್ಲಿ ಪದವುಗಳು ಸಿಗುತ್ತವೆ. ಪದವು ಎಂದರೆ ಕೆಂಪುಕಲ್ಲಿನ ಬಯಲು. ಬೇಸಗೆಯಲ್ಲಿ ಚಪ್ಪಲಿಯಿಲ್ಲದೆ ಕಾಲಿಡಲಾಗದಷ್ಟು ಸುಡುತ್ತದೆ. ತುಳುವರ ಆಟಿ ತಿಂಗಳ ಮಳೆ ಕಳೆದು, ಆಗಸ್ಟ್ ನಡುವಿನಲ್ಲಿ ಸೋಣ ತಿಂಗಳು ಬಂದರೆ ಅದೇ ಕಲ್ಲಿನ ಮೇಲೆ ಬೆರಳೆತ್ತರದ ನೀಲಿ ಹೂಗಳು ಒತ್ತೊತ್ತಾಗಿ ಅರಳುತ್ತವೆ. ನಡುನಡುವೆ ಹುಳ ಹಿಡಿದು ತಿನ್ನುವ ಪುಟ್ಟ ಗಿಡಗಳೂ ಇರುತ್ತವೆ. ನನಗೆ ಅವುಗಳ ಹುಚ್ಚು. ಸೋಣದಲ್ಲಿ ನಾನು ಮನೆಗೆ ಹೊತ್ತಿಗೆ ಸರಿಯಾಗಿ ತಲುಪಿದ ದಿನಗಳೇ ಕಡಿಮೆ.

ಐದು ವರ್ಷದ ಹಿಂದಿನ ಒಂದು ಶುಕ್ರವಾರ. ಬೆಳಗಿನ ಎರಡು ಪಾಠ ಮುಗಿಸಿ ಬೇಗ ಹೊರಟಿದ್ದೆ. ದಾರಿಯಲ್ಲಿ ಒಂದು ಪದವಿನ ಬದಿಗೆ ಸ್ಕೂಟರ್ ನಿಲ್ಲಿಸಿ ಒಳಗೆ ನಡೆದೆ. ಹೆಗಲಲ್ಲಿ ಚೀಲ, ಕೈಯಲ್ಲಿ ಗಿಡ ಕೀಳುವ ಸಣ್ಣ ಕಬ್ಬಿಣದ ಸಲಿಕೆ. ರಸ್ತೆಯಿಂದ ಸಾಕಷ್ಟು ಒಳಗೆ ಒಂದು ಹಳೆಯ ಕೋರೆ ಇತ್ತು. ಮನೆ ಕಟ್ಟುವ ಕೆಂಪುಕಲ್ಲನ್ನು ಯಂತ್ರದಲ್ಲಿ ಕೊಯ್ದು ತೆಗೆದ ಹೊಂಡಕ್ಕೆ ನಮ್ಮಲ್ಲಿ ಕೋರೆ ಎನ್ನುತ್ತಾರೆ. ಅದರ ಗೋಡೆಗಳು ನೆಟ್ಟಗೆ ನಿಂತಿರುತ್ತವೆ. ಕಾಲೂರಲು ಒಂದು ಗುಳಿಯೂ ಸಿಗುವುದಿಲ್ಲ. ಆ ಕೋರೆಯ ಅಂಚಿನಲ್ಲಿ ನಾನು ಅದುವರೆಗೆ ಕಾಣದ ಒಂದು ಬಿಳಿ ಹೂ ಕಂಡಿತು. ಬಗ್ಗುವಾಗ ಭಾರವಾಗಬಾರದೆಂದು ಚೀಲವನ್ನು ಕೆಳಗಿಟ್ಟೆ. ಎಷ್ಟು ಜಾಗ್ರತೆಯವಳು ನಾನು! ಚೀಲವನ್ನು ಅಂಚಿನಿಂದ ನಾಲ್ಕು ಹೆಜ್ಜೆ ದೂರವೇ ಇಟ್ಟೆ. ಆಮೇಲೆ ಮೊಣಕಾಲೂರಿ ಕೈ ಚಾಚಿದೆ. ಅಂಚು ಅಂತ ನಾನು ನಂಬಿದ್ದು ಕಲ್ಲಾಗಿರಲಿಲ್ಲ, ಹೊಂಡದ ಮೇಲೆ ಚಾಚಿ ಬೆಳೆದ ಹುಲ್ಲಾಗಿತ್ತು.

ಎರಡಾಳು ಎತ್ತರದಿಂದ ಬಿದ್ದೆ. ಕೆಳಗೆ ಮೊಣಕಾಲು ಮುಳುಗುವಷ್ಟು ನೀರಿತ್ತು. ಆ ನೀರು ನನ್ನ ತಲೆ ಉಳಿಸಿತು, ಬಲಗಾಲಿನ ಗಂಟನ್ನು ಉಳಿಸಲಿಲ್ಲ. ಎದ್ದು ನಿಲ್ಲಲು ಹೋದಾಗ ಕಣ್ಣು ಕತ್ತಲೆ ಬಂತು. ಕುಳಿತಲ್ಲಿಂದಲೇ ತೆವಳಿ, ಒಂದು ಮೂಲೆಯಲ್ಲಿ ಕೊಯ್ಯದೆ ಬಿಟ್ಟಿದ್ದ ಕಲ್ಲಿನ ದಿಂಡಿನ ಮೇಲೆ ಹತ್ತಿ ಕುಳಿತೆ.

ಸ್ವಲ್ಪ ಹೊತ್ತಿನಲ್ಲಿ ಮೇಲೆ ನನ್ನ ಫೋನು ಹಾಡತೊಡಗಿತು. ಅದು ನಮ್ಮ ಮನೆಯವರ ಕರೆ ಎಂದು ಗೊತ್ತು. ಅವರು ಬೆಳ್ತಂಗಡಿಯಲ್ಲಿ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಹನ್ನೆರಡು ಗಂಟೆಗೆ, ಊಟದ ಡಬ್ಬಿ ಬಿಚ್ಚುವ ಮೊದಲು, ಒಮ್ಮೆ ಫೋನು ಮಾಡಿ "ಎಲ್ಲಿದ್ದೀ?" ಎಂದು ಕೇಳುವುದು ಅವರ ರೂಢಿ. ಫೋನು ಪೂರ್ತಿ ಹಾಡಿ ನಿಂತಿತು. ಪುನಃ ಹಾಡಿತು. ಮೂರನೆಯ ಸಲವೂ ಹಾಡಿ ಸುಮ್ಮನಾಯಿತು. ನಾನು ಕೆಳಗಿನಿಂದ "ಇಲ್ಲಿದ್ದೇನೆ, ಇಲ್ಲಿದ್ದೇನೆ" ಎಂದು ಅದಕ್ಕೆ ಉತ್ತರ ಕೊಡುತ್ತಿದ್ದೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಅತ್ತೆ.

ಕೂಗಿ ಕೂಗಿ ಗಂಟಲು ಕಟ್ಟಿತು. ಬಯಲಿನ ಗಾಳಿಗೆ ನನ್ನ ಕೂಗು ಹೊಂಡದ ಬಾಯಿಯಿಂದ ಆಚೆ ಹೋಗುತ್ತಿರಲಿಲ್ಲವೇನೋ. ಮಳೆ ಹನಿಯತೊಡಗಿತು. ಮಳೆಗಾಲದಲ್ಲಿ ಇಂಥ ಕೋರೆಗಳಿಗೆ ಬಿದ್ದವರ ಸುದ್ದಿ ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಓದಿದ್ದೆಲ್ಲ ಆಗಲೇ ನೆನಪಾಗಬೇಕೆ? ಕೈಯಲ್ಲಿ ಉಳಿದದ್ದು ಆ ಸಲಿಕೆಯೊಂದೇ. ಬೇರೆ ದಾರಿ ಕಾಣದೆ ಅದರ ಕಬ್ಬಿಣದ ಹಿಡಿಯಿಂದ ಗೋಡೆಗೆ ಬಡಿಯತೊಡಗಿದೆ. ಟಣ್, ಟಣ್, ಟಣ್. ಕೈ ಸೋತಾಗ ನಿಲ್ಲಿಸುತ್ತಿದ್ದೆ, ಪುನಃ ಬಡಿಯುತ್ತಿದ್ದೆ. ಎಷ್ಟು ಹೊತ್ತು ಬಡಿದೆನೋ ಗೊತ್ತಿಲ್ಲ.

ಕೊನೆಗೆ ಮೇಲಿನಿಂದ ಒಂದು ಸಿಟ್ಟಿನ ಸ್ವರ ಬಂತು. "ಯಾರು ಅಲ್ಲಿ ಕಲ್ಲು ಕಡಿಯುವುದು? ಜುಮಾದ ಹೊತ್ತು ಅಂತ ಗೊತ್ತಿಲ್ವಾ ನಿಮಗೆ?"

ತಲೆಯೆತ್ತಿ ನೋಡಿದೆ. ಬಿಳಿ ಬಟ್ಟೆಯನ್ನು ತಲೆಗೆ ಹೊದ್ದ ಒಬ್ಬ ಮುದುಕಿ ಅಂಚಿನಿಂದ ದೂರ ನಿಂತು ಕುತ್ತಿಗೆ ಚಾಚಿದ್ದರು. ನನ್ನನ್ನು ಕಂಡದ್ದೇ ಅವರ ಕೈ ಎದೆಗೆ ಹೋಯಿತು.

"ಯಾ ಅಲ್ಲಾ! ನೀವು ಯಾರು? ಕೆಳಗೆ ಎಂತ ಮಾಡ್ತಿದ್ದೀರಿ?"

"ಬಿದ್ದೆ. ಕಾಲು ಮುರಿದಿದೆ. ಕಾಲೇಜಿನ ಟೀಚರ್ ನಾನು."

"ಅಲುಗಾಡಬೇಡಿ ಟೀಚರೆ. ಅಲ್ಲೇ ಕೂತ್ಕೊಳ್ಳಿ. ಈ ಕೋರೆ ಮುಚ್ಚಿ ಆರು ವರ್ಷ ಆಯ್ತು. ಶಬ್ದ ಕೇಳಿ ನಾನು ಬೈಲಿಕ್ಕೆ ಬಂದದ್ದು!"

ಬೈಯಲು ಬಂದ ಆ ಹೆಂಗಸಿನಿಂದಾಗಿಯೇ ನಾನು ಇಂದು ಇದನ್ನು ಬರೆಯುತ್ತಿದ್ದೇನೆ. ಅವರ ಮನೆ ಗೇರುಮರಗಳ ಆಚೆಗಿತ್ತು. ಗಂಡಸರೆಲ್ಲ ಶುಕ್ರವಾರದ ನಮಾಜಿಗೆ ಮಸೀದಿಗೆ ಹೋಗಿದ್ದರು. ಸೊಸೆಯಂದಿರು ತವರಿಗೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ಇವರೊಬ್ಬರೇ. ಮಿಕ್ಸಿ ತಿರುಗುತ್ತಿದ್ದಿದ್ದರೆ ತನಗೂ ಕೇಳುತ್ತಿರಲಿಲ್ಲ, ಕರೆಂಟು ಹೋದದ್ದು ಒಳ್ಳೆಯದಾಯಿತು ಎಂದು ಆಮೇಲೆ ಹೇಳಿದರು.

ನನ್ನ ಚೀಲದಲ್ಲಿ ಫೋನು ಉಂಟೆಂದು ಹೇಳಿದೆ. ಅವರು ಮನೆಗೆ ಹೋಗಿ ಬಾವಿಯ ಹಗ್ಗವನ್ನೂ ಕೊಡಪಾನವನ್ನೂ ತಂದರು. ಕೊಡಪಾನದಲ್ಲಿ ಫೋನು ಇಳಿದು ಬಂತು. ಬರುವಷ್ಟರಲ್ಲಿ ಅದರ ಚಾರ್ಜು ಮುಗಿದು ಪರದೆ ಕಪ್ಪಾಗಿತ್ತು. ಬೆಳಗ್ಗೆ ಚಾರ್ಜಿಗೆ ಹಾಕಲು ಮರೆತದ್ದು ನಾನೇ.

"ತೊಂದರೆ ಇಲ್ಲ, ನನ್ನ ಹತ್ರ ಸಣ್ಣ ಫೋನುಂಟು. ನಿಮ್ಮ ಯಜಮಾನರ ನಂಬ್ರ ಹೇಳಿ."

ಬಾಯಿ ತೆರೆದೆ. ಮೊದಲ ಐದು ಅಂಕೆ ಬಂತು, ಮುಂದೆ ಬರಲಿಲ್ಲ. ನೂರಾರು ಹುಲ್ಲುಗಳ ಲ್ಯಾಟಿನ್ ಹೆಸರು ಬಾಯಿಪಾಠ ಇರುವ ನನಗೆ ಇಪ್ಪತ್ತು ವರ್ಷ ಜೊತೆಗಿರುವ ಗಂಡನ ನಂಬರು ಬರಲಿಲ್ಲ. ಮೇಲಿನಿಂದ ಅವರು ಸಮಾಧಾನ ಹೇಳಿದರು: "ಆಗ್ತದೆ ಟೀಚರೆ. ನನಗೆ ನನ್ನ ನಂಬ್ರವೇ ಗೊತ್ತಿಲ್ಲ. ಹೆದರಬೇಡಿ, ನಮಾಜ್ ಮುಗೀಲಿಕ್ಕೆ ಆಯ್ತು. ಗಂಡಸರು ಈಗ ಬರ್ತಾರೆ."

ಎರಡನೆಯ ಸಲ ಕೊಡಪಾನ ಇಳಿದಾಗ ಅದರೊಳಗೆ ಮುಚ್ಚಳ ಹಾಕಿದ ಒಂದು ಸ್ಟೀಲಿನ ಉಗ್ಗದಲ್ಲಿ ಬಿಸಿ ಚಹಾ, ಬಟ್ಟೆಯಲ್ಲಿ ಸುತ್ತಿದ ಎರಡು ಅಕ್ಕಿರೊಟ್ಟಿ. ಚಹಾಕ್ಕೆ ಕೈತುಂಬ ಸಕ್ಕರೆ ಹಾಕಿದ್ದರು. ಅಂಥ ಸಿಹಿ ಚಹಾ ನಾನು ಅದಕ್ಕೆ ಮೊದಲೂ ಕುಡಿದಿಲ್ಲ, ಅನಂತರವೂ ಕುಡಿದಿಲ್ಲ. ನನ್ನ ಹಲ್ಲು ಕಟಕಟಿಸುವುದು ಅದರಿಂದಲೇ ನಿಂತಿತು. ಅವರು ಮಳೆಯಲ್ಲಿ ಕೊಡೆ ಹಿಡಿದುಕೊಂಡು ಅಂಚಿನಿಂದ ಸ್ವಲ್ಪ ದೂರ ಕುಳಿತು, ನಾನು ಕಣ್ಣು ಮುಚ್ಚದಂತೆ ಮಾತಾಡಿಸುತ್ತಲೇ ಇದ್ದರು. ಮಕ್ಕಳೆಷ್ಟು, ಅತ್ತೆ ಇದ್ದಾರಾ, ಕಾಲೇಜಿನಲ್ಲಿ ಎಂತ ಕಲಿಸುತ್ತೀರಿ. ಗಿಡದ ಬಗ್ಗೆ ಎಂದಾಗ, "ಗಿಡ ನೋಡ್ಲಿಕ್ಕೆ ಮೇಲೆಯೇ ಜಾಗ ಉಂಟಲ್ಲ ಟೀಚರೆ" ಎಂದರು. ಅಷ್ಟು ನೋವಿನಲ್ಲೂ ನಕ್ಕೆ.

ಮಸೀದಿಯಿಂದ ಮರಳಿದ ಅವರ ಮಗ, ಮೈದುನ, ನೆರೆಯವರು ಏಣಿ ತಂದು ಇಳಿದರು. ಎಲ್ಲರೂ ಜುಮಾಕ್ಕೆಂದು ಉಟ್ಟ ಬಿಳಿ ಬಟ್ಟೆಯಲ್ಲೇ ಇದ್ದರು. ಯಾರೂ ಬದಲಾಯಿಸಲು ಮನೆಗೆ ಹೋಗಲಿಲ್ಲ. ನನ್ನನ್ನು ಒಂದು ಹಲಗೆಗೆ ಕಟ್ಟಿ ಮೇಲೆತ್ತುವಷ್ಟರಲ್ಲಿ ಆ ಬಟ್ಟೆಗಳೆಲ್ಲ ಕೋರೆಯ ಕೆಸರಿನಲ್ಲಿ ಕೆಂಪಾಗಿದ್ದವು. ಆ ಕಲೆ ಎಷ್ಟು ಒಗೆದರೂ ಹೋಗುವಂಥದ್ದಲ್ಲ ಎಂದು ಈ ಊರಿನವರಿಗೆಲ್ಲ ಗೊತ್ತು. ಬಂಟ್ವಾಳದ ಆಸ್ಪತ್ರೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತವರು ಆ ಮುದುಕಿಯೇ. ಪ್ರತಿ ತಿರುವಿಗೂ ಕೈಯಲ್ಲಿ ಅದನ್ನು ಮಗುವಿನಂತೆ ಹಿಡಿದುಕೊಳ್ಳುತ್ತಿದ್ದರು. ಕಾರಿನಲ್ಲಿದ್ದ ಮಗ ಅವರನ್ನು ಉಮ್ಮ ಎಂದು ಕರೆಯುತ್ತಿದ್ದ. ಬ್ಯಾರಿ ಮಾತಿನಲ್ಲಿ ಹಾಗೆಂದರೆ ತಾಯಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾನೂ ಹಾಗೆಯೇ ಕರೆಯತೊಡಗಿದ್ದೆ.

ಆಸ್ಪತ್ರೆಯಲ್ಲಿ ಫೋನು ಚಾರ್ಜಾದ ಮೇಲೆ ನಮ್ಮ ಮನೆಯವರಿಗೆ ಸುದ್ದಿ ಹೋಯಿತು. ಆರು ವಾರ ಪ್ಲಾಸ್ಟರು. ಮನೆಯಲ್ಲಿ ಕಾಲು ಚಾಚಿ ಕುಳಿತವಳಿಗೆ ಫೋನು ನೋಡುವುದೊಂದೇ ಕೆಲಸ. ಕಾಡಿನಲ್ಲಿ, ಬೆಟ್ಟದಲ್ಲಿ ಸಿಕ್ಕಿಬಿದ್ದರೆ ಜೀವ ಉಳಿಸಿಕೊಳ್ಳಲು ಎಂತೆಂತಹ ಸಾಮಾನು ಬೇಕು ಎಂದು ಹೇಳುವ ವಿಡಿಯೊಗಳು ಸಿಕ್ಕಿದವು. ನೋಡುತ್ತಾ ನೋಡುತ್ತಾ ಒಂದು ಪಟ್ಟಿ ಬರೆದೆ. ಪಟ್ಟಿ ಎರಡು ಹಾಳೆ ತುಂಬಿತು. ಹಗ್ಗ, ಕೊಡಲಿ, ಟಾರ್ಚು, ಕಂಬಳಿ, ಗಾಳ, ದಿಕ್ಸೂಚಿ.

ನಮ್ಮ ಮನೆಯವರು ಓದಿ ಕನ್ನಡಕ ತೆಗೆದರು. "ಇದನ್ನೆಲ್ಲ ಹೊರಲಿಕ್ಕೆ ಒಂದು ಟೆಂಪೊ ಬೇಕು ಮಾರಾಯ್ತಿ. ಟೆಂಪೊ ಕೋರೆಗೆ ಬಿದ್ದರೆ ಎಂತ ಮಾಡುವುದು?"

ಮೂರನೆಯ ವಾರ ಉಮ್ಮ ಬಸ್ಸು ಬದಲಾಯಿಸಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಪೊಟ್ಟಣ ಗೇರುಬೀಜ. ನನ್ನ ಪಟ್ಟಿಯನ್ನು ಅವರಿಗೂ ಓದಿ ಹೇಳಿದೆ. ಅವರು ನಗಲಿಲ್ಲ. ಪಟ್ಟಿಯ ಹಾಳೆಗಳನ್ನು ಮಡಚಿಟ್ಟು ಕೇಳಿದರು: "ಟೀಚರೆ, ಆವತ್ತು ನಿಮ್ಮ ಚೀಲದಲ್ಲಿ ಎಂತೆಲ್ಲ ಇತ್ತು?"

"ಫೋನು, ನೀರು, ಬುತ್ತಿ, ಕೊಡೆ, ಎರಡು ಮಾತ್ರೆ, ಟಾರ್ಚು ಕೂಡ ಇತ್ತು."

"ಎಲ್ಲ ಇತ್ತು. ಆದ್ರೆ ಚೀಲ ಮೇಲೆ, ನೀವು ಕೆಳಗೆ. ಮೈಮೇಲೆ ಇರುವುದು ಮಾತ್ರ ನಿಮ್ಮದು. ಬಾಕಿದ್ದು ಸುಮ್ಮನೆ."

ಹೀಗೆ ಹೇಳಿ ತಮ್ಮ ಕೈಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದರು. ಅಂಗೈಯಷ್ಟು ಅಗಲ, ಎರಡು ಬೆರಳು ದಪ್ಪ, ಮುಚ್ಚಳಕ್ಕೆ ತಿರುಗಣೆ. ಗಲ್ಫಿನಲ್ಲಿರುವ ಹಿರಿಯ ಮಗ ಎಂದೋ ಪೆಪ್ಪರಮಿಂಟು ತುಂಬಿ ತಂದದ್ದು. ಪೆಪ್ಪರಮಿಂಟು ಮುಗಿದ ಮೇಲೆ ಉಮ್ಮ ಅದರಲ್ಲಿ ಗುಂಡಿ, ಸೂಜಿ ಇಡುತ್ತಿದ್ದರು. ಅವರು ಅರ್ಧ ಆಯುಷ್ಯ ಹೊಲಿಗೆ ಮಾಡಿದವರು. ಗುಂಡಿಗಳನ್ನೆಲ್ಲ ಪೊಟ್ಟಣ ಕಟ್ಟಿ ತೆಗೆದರು, ನೂಲು ಪೋಣಿಸಿದ ಎರಡು ಸೂಜಿ, ನಾಲ್ಕು ಸೇಫ್ಟಿಪಿನ್ನು ಮಾತ್ರ ಒಳಗೆ ಬಿಟ್ಟು ಡಬ್ಬಿಯನ್ನು ನನ್ನ ಕೈಗಿಟ್ಟರು.

"ಇದರಲ್ಲಿ ಹಿಡಿದಷ್ಟೇ ಇಟ್ಕೊಳ್ಳಿ."

"ಹಗ್ಗ ಹಿಡಿಯುವುದಿಲ್ಲವಲ್ಲ ಉಮ್ಮ."

"ಹಗ್ಗ ಎಲ್ಲರ ಮನೆಯಲ್ಲೂ ಉಂಟು. ಹಗ್ಗ ಇರುವವರನ್ನು ಕರೆಯಲಿಕ್ಕೆ ಒಂದು ಸಾಮಾನು ಇಡಿ, ಸಾಕು."

ಮರುದಿನವೇ ಮನೆಯವರಿಗೆ ಸೀಟಿ ತರಲು ಹೇಳಿದೆ. ಬೆಳ್ತಂಗಡಿಯ ಆಟದ ಸಾಮಾನಿನ ಅಂಗಡಿಯಿಂದ ತಂದ ಮೊದಲನೆಯದು ದಪ್ಪ, ಮುಚ್ಚಳ ಹಾಕಲಾಗಲಿಲ್ಲ. ಎರಡನೆಯದು ಡಬ್ಬಿಯೊಳಗೆ ಹಿಡಿಯಿತು, ಆದರೆ ನೀರಲ್ಲಿ ಅದ್ದಿ ತೆಗೆದರೆ ಉಸ್ಸೆಂದಿತೇ ಹೊರತು ಕೂಗಲಿಲ್ಲ. ಮೂರನೆಯದು ಚಪ್ಪಟೆ, ಒಳಗೆ ಗುಂಡು ಇಲ್ಲದ್ದು. ಜಗಲಿಯಲ್ಲಿ ಕುಳಿತು ಎಷ್ಟು ದೂರ ಕೇಳುತ್ತದೆ ನೋಡುವ ಎಂದು ಉಸಿರು ಕಟ್ಟಿ ಊದಿದೆ. ನಮ್ಮ ಮನೆ ರಸ್ತೆಬದಿಗೆ ಇದೆ. ಆಗಷ್ಟೇ ಹೋಗುತ್ತಿದ್ದ ಬಸ್ಸು ಗಕ್ಕೆಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಿದ. ಕಂಡಕ್ಟರ್ ಬಾಗಿಲಲ್ಲಿ ಇಳಿದು, ತನ್ನ ಬಾಯಲ್ಲಿರದ ಸೀಟಿ ಊದಿದವರು ಯಾರೆಂದು ಅತ್ತಿತ್ತ ಹುಡುಕಿದ. ಪ್ಲಾಸ್ಟರು ಹಾಕಿದ ಕಾಲು ಸ್ಟೂಲಿನ ಮೇಲಿಟ್ಟು, ಬಾಯಲ್ಲಿ ಸೀಟಿ ಕಚ್ಚಿಕೊಂಡು ಕುಳಿತ ನನ್ನನ್ನು ಕಂಡು ಕೈಮುಗಿದು "ರೈಟ್ ಪೋಯಿ" ಎಂದು ಬಸ್ಸು ಬಿಡಿಸಿದ. ಇವರು ಒಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಸೀಟಿ ಡಬ್ಬಿಗೆ ಸೇರಿತು.

ಅಲ್ಲಿಂದ ಮುಂದೆ ಅದು ನಮ್ಮಿಬ್ಬರ ಸಂಜೆಯ ಕೆಲಸವಾಯಿತು. ಒಂದು ತುಂಡು ರಟ್ಟಿನ ಮೇಲೆ ನಾಲ್ಕು ಫೋನ್ ನಂಬರುಗಳನ್ನು ಪೆನ್ಸಿಲಿನಲ್ಲಿ ಬರೆದೆ, ಶಾಯಿ ನೀರಿಗೆ ಹರಡುತ್ತದೆಂದು. ಬೆಂಕಿಕಡ್ಡಿಯ ತಲೆಗಳನ್ನು ಮೇಣದಲ್ಲಿ ಅದ್ದಿಟ್ಟೆವು. ನಮ್ಮ ಮಳೆಗಾಲದ ತೇವಕ್ಕೆ ಉಪ್ಪಿನ ಭರಣಿಯೇ ನೀರಾಗುವಾಗ ಬರಿಯ ಬೆಂಕಿಕಡ್ಡಿ ಎಷ್ಟು ದಿನ ಬಾಳೀತು? ಹೊತ್ತಿಸಲು ಎಂತ ಇಡುವುದೆಂಬ ಪ್ರಶ್ನೆಗೆ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಅಳದಂಗಡಿಯ ಕಡೆಯ ಒಬ್ಬ ಸಹೋದ್ಯೋಗಿಯ ತೋಟದ ಬದಿಯಲ್ಲಿ ದೊಡ್ಡ ಧೂಪದ ಮರವಿದೆ. ಅದರ ತೊಗಟೆಯಲ್ಲಿ ಒಸರಿ ಗಟ್ಟಿಯಾದ ರಾಳದ ಒಂದು ಉಂಡೆಯನ್ನು ಅವರು ತಂದುಕೊಟ್ಟರು. ನೆನೆದ ಕೈಯಲ್ಲಿ ಹಿಡಿದು ಹೊತ್ತಿಸಿದರೂ ಅದು ಉರಿಯಿತು. ಮನೆಯೆಲ್ಲ ಪೂಜೆಯ ವಾಸನೆ.

ಎಲ್ಲ ಇಟ್ಟಾದ ಮೇಲೆ ಡಬ್ಬಿಯನ್ನು ಬಚ್ಚಲಿನ ಬಾಲ್ದಿಯಲ್ಲಿ ಮುಳುಗಿಸಿ ಒಂದು ಗಂಟೆ ಬಿಟ್ಟೆವು. ತೆರೆದಾಗ ಒಳಗೆ ಅರ್ಧ ನೀರು. ತಿರುಗಣೆಯ ಸಂದಿನಿಂದ ನುಗ್ಗಿತ್ತು. ಇವರು ಪೇಟೆಯ ಸೈಕಲ್ ಶಾಪಿನಿಂದ ಹಳೆಯ ಟ್ಯೂಬು ತಂದು ಬಳೆಯ ಹಾಗೆ ಅಗಲವಾಗಿ ಕತ್ತರಿಸಿ ಮುಚ್ಚಳದ ಸುತ್ತ ಬಿಗಿದರು. ಪುನಃ ಬಾಲ್ದಿ. ಈ ಸಲ ಒಳಗೆ ನಾಲ್ಕು ಹನಿ. ಮೂರನೆಯ ಸಲ ಟ್ಯೂಬಿನ ಕೆಳಗೆ ಮೇಣ ಸವರಿದೆವು. ತೆರೆದಾಗ ರಟ್ಟಿನ ಮೇಲೆ ಇವರ ನಂಬರು ಒಣಗಿಯೇ ಇತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೂ ಕೂತು ಒಂದು ವಸ್ತು ಮಾಡಿದ್ದು ಅದೇ ಮೊದಲು. ಕಾಲು ಮುರಿದದ್ದಕ್ಕೆ ಕೃತಜ್ಞತೆ ಹೇಳುವುದು ಹೇಗೆ ಎಂದು ಗೊತ್ತಿಲ್ಲ, ಆದರೆ ಆ ಸಂಜೆಗಳಿಗೆ ಹೇಳಬೇಕು.

ತಿನ್ನಲು ಏನಿಡುವುದು ಎಂಬುದು ಕೊನೆಯ ಕಷ್ಟ. ಮೊದಲು ಬೆಲ್ಲದ ತುಂಡು ಇಟ್ಟೆ. ನೀರು ಹೋಗದ ಡಬ್ಬಿಗೆ ಇರುವೆ ಹೋಗುವುದು ಹೇಗೆ ಎಂದುಕೊಂಡಿದ್ದೆ. ಮುಚ್ಚಳ ಹಾಕಲು ಮರೆತ ಒಂದು ಮಧ್ಯಾಹ್ನ ಸಾಲು ಕಟ್ಟಿ ಬಂದು ಅರ್ಧ ಮುಗಿಸಿದ್ದವು. ಆಮೇಲೆ ಜ್ಯೂಸ್ ಅಂಗಡಿಯ ದಪ್ಪ ಸ್ಟ್ರಾ ತಂದು, ಡಬ್ಬಿಯ ಅಳತೆಗೆ ನಾಲ್ಕು ತುಂಡು ಮಾಡಿ, ಸಕ್ಕರೆ ತುಂಬಿ, ಎರಡೂ ತುದಿಯನ್ನು ಮೇಣದಬತ್ತಿಯಲ್ಲಿ ಕಾಯಿಸಿ ಇಕ್ಕಳದಲ್ಲಿ ಒತ್ತಿ ಮುಚ್ಚಿದೆ. ಕೋರೆಯಲ್ಲಿ ಕುಡಿದ ಚಹಾದ ಸಿಹಿಯೇ ನನ್ನ ತಲೆಯಲ್ಲಿತ್ತು. ಇವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. "ಅಂತೂ ನೀನು ಈ ಮನೆಯಲ್ಲಿ ಸಕ್ಕರೆ ಇಡ್ಲಿಕ್ಕೆ ನನ್ನ ಕೈಗೆ ಸಿಗದ ಜಾಗ ಹುಡುಕಿದೆ" ಎಂದರು.

ಡಬ್ಬಿ ತಯಾರಾಯಿತು. ಆಗ ತಿಳಿಯಿತು, ಅದನ್ನು ಇಡಲು ನನ್ನ ಮೈಮೇಲೆ ಜಾಗವೇ ಇಲ್ಲ. ಕಿಸೆಯಲ್ಲಿ ಹಿಡಿಯುತ್ತದೆ ಎನ್ನುವುದು ಗಂಡಸರ ಮಾತು. ನನ್ನ ಸೀರೆಗೂ ಕಿಸೆ ಇಲ್ಲ, ಚೂಡಿದಾರಕ್ಕೂ ಇಲ್ಲ. ಪ್ಲಾಸ್ಟರು ಬಿಚ್ಚಿದ ಮೇಲೆ ಕೋಲೂರಿಕೊಂಡು ಇವರ ಜೊತೆ ಉಮ್ಮನ ಮನೆಗೆ ಹೋದೆ. ಹೋಗುವಾಗ ಅವರಿಗೆ ಒಂದು ಸೀರೆ ತೆಗೆದುಕೊಂಡು ಹೋಗಿದ್ದೆ. ಅವರು ಸೀರೆ ನೋಡಿ ಸಂತೋಷಪಟ್ಟು ಪಕ್ಕಕ್ಕಿಟ್ಟು, "ನಿಮ್ಮ ಚೂಡಿದಾರ ತಂದಿದ್ದೀರಾ?" ಎಂದರು. ತಂದಿದ್ದೆ. ಹಳೆಯ ಕಾಲ್ತುಳಿ ಮೆಷಿನ್ನಿನ ಮುಂದೆ ಕುಳಿತು ಎರಡು ಚೂಡಿದಾರಗಳ ಬದಿಗೆ ಕಿಸೆ ಹಚ್ಚಿದರು. ಆಮೇಲೆ ಸ್ವರ ತಗ್ಗಿಸಿ, "ಸೀರೆ ಉಡುವ ದಿನಕ್ಕೆ?" ಎಂದು ಕೇಳಿದರು.

"ಸೀರೆಗೆ ಹೇಗಾಗ್ತದೆ ಉಮ್ಮ?"

"ಒಳಗಿನ ಲಂಗಕ್ಕೆ ಹೊಲಿಯುವ. ನನ್ನ ತಾಯಿಗೂ ಇತ್ತು, ಅದರಲ್ಲಿ ವೀಳ್ಯದೆಲೆ ಇಡ್ತಿದ್ರು. ಯಾರಿಗೂ ಕಾಣುವುದಿಲ್ಲ."

ಇವರು ಅಂಗಳದಲ್ಲಿ ಮಗನ ಜೊತೆ ಮಾತಾಡುತ್ತಿದ್ದರು. ನಾವಿಬ್ಬರೂ ಒಳಗೆ ಬಾಗಿಲು ಹಾಕಿಕೊಂಡು ಲಂಗಕ್ಕೆ ಕಿಸೆ ಎಲ್ಲಿ ಬರಬೇಕೆಂದು ಅಳತೆ ಮಾಡಿ ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎರಡು ಸಲ ಕೈಹೊಲಿಗೆ ಹಾಕಿ, ಎಳೆದು ನೋಡಿ, ಮೂರನೆಯ ಸಲವೂ ಹಾಕಿದರು.

ಮುಂದೆ ಎರಡು ಸೋಣ ಬಂದು ಹೋದವು. ನಾನು ಪದವುಗಳಿಗೆ ಹೋದೆ, ಅಂಚಿನಿಂದ ದೂರ ನಿಂತು ನೋಡುವುದನ್ನು ಕಲಿತೆ. ಡಬ್ಬಿಯಿಂದ ಸೇಫ್ಟಿಪಿನ್ನು ಬಿಟ್ಟರೆ ಬೇರೇನೂ ಹೊರಬರಲಿಲ್ಲ. ಅದು ಬೇಕಾದದ್ದು ಪದವಿನಲ್ಲಿ ಅಲ್ಲ, ನಲವತ್ತು ಜನ ಕುಳಿತ ಒಂದು ಬಸ್ಸಿನಲ್ಲಿ.

ಪುತ್ತೂರಿನಲ್ಲಿ ಇವರ ಸಂಬಂಧಿಕರ ಮನೆಯಲ್ಲಿ ಗೃಹಪ್ರವೇಶವಿತ್ತು. ಬೆಳಗ್ಗೆ ಇವರು ಇನ್ಸುಲಿನ್ ತೆಗೆದುಕೊಂಡು, "ಅಲ್ಲಿ ಊಟ ಗಟ್ಟಿ ಉಂಟು" ಎಂದು ಒಂದೇ ದೋಸೆ ತಿಂದರು. ಊಟಕ್ಕೇ ಹೋಗುವವರು ಬುತ್ತಿ ಯಾಕೆ ಕಟ್ಟುತ್ತೇವೆ? ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದೆವು. ಕಲ್ಲಡ್ಕ ದಾಟಿ ಸ್ವಲ್ಪ ಮುಂದೆ ಗಾಳಿಮಳೆಗೆ ದೊಡ್ಡ ಮರವೊಂದು ರಸ್ತೆಗಡ್ಡ ಬಿದ್ದಿತ್ತು. ಮುಂದೆಯೂ ಹಿಂದೆಯೂ ವಾಹನಗಳ ಸಾಲು. ಬಸ್ಸು ನಿಂತಲ್ಲಿ ಹತ್ತಿರ ಅಂಗಡಿಯೂ ಕಾಣಲಿಲ್ಲ. ಗಂಟೆ ಒಂದಾಯಿತು, ಒಂದೂವರೆಯಾಯಿತು.

ಇವರು ಕಿಟಕಿಗೆ ತಲೆಯಾನಿಸಿ ಸುಮ್ಮನೆ ಕುಳಿತಿದ್ದರು. ನಿದ್ದೆ ಎಂದುಕೊಂಡೆ. ಒಮ್ಮೆ ನನ್ನ ಕಡೆ ತಿರುಗಿ, "ಬಾಗಿಲು ಹಾಕಿದ್ದೀಯಾ? ದನ ಒಳಗೆ ಬರ್ತದೆ" ಎಂದರು. ನಮ್ಮಲ್ಲಿ ದನವೇ ಇಲ್ಲ. ಮುಖ ಮುಟ್ಟಿದೆ. ಮಳೆಯ ತಂಪಿನಲ್ಲೂ ಬೆವರು ಧಾರೆ ಹರಿಯುತ್ತಿತ್ತು, ಕೈ ನಡುಗುತ್ತಿತ್ತು. ಸಕ್ಕರೆ ಇಳಿದಿದೆ ಎಂದು ತಕ್ಷಣ ಗೊತ್ತಾಯಿತು. ಮನೆಯಲ್ಲಿ ಒಂದೆರಡು ಸಲ ಆಗಿತ್ತು, ಆದರೆ ಅಲ್ಲಿ ಅಡುಗೆಮನೆ ನಾಲ್ಕು ಹೆಜ್ಜೆ ದೂರ.

"ಯಾರ ಹತ್ತಿರವಾದ್ರೂ ಸಿಹಿ ಉಂಟಾ? ಇವರಿಗೆ ಶುಗರ್ ಇಳಿದಿದೆ!" ಎಂದು ಕೂಗಿದೆ. ಜನ ಎದ್ದರು. ನಾಲ್ಕು ಕಡೆಯಿಂದ ನೀರಿನ ಬಾಟಲಿ ಬಂತು, ನೀರು ಮಾತ್ರ. ಆಗ ಸೊಂಟದ ಬಳಿ ಡಬ್ಬಿಯ ಅಂಚು ಒತ್ತಿತು. ರೇಷ್ಮೆ ಸೀರೆಯ ನೆರಿಗೆಯೊಳಗೆ ಬಸ್ಸಿನ ನಡುವೆ ಕೈ ಹಾಕುವಾಗ ನಾಚಿಕೆ ಎನ್ನುವುದು ನನಗೆ ನೆನಪೂ ಆಗಲಿಲ್ಲ. ಟ್ಯೂಬಿನ ಬಳೆ ಜಾರಿಸಿ ಮುಚ್ಚಳ ತೆರೆದೆ, ಸ್ಟ್ರಾದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹರಿದೆ.

"ಬಾಯಿ ತೆರೆಯಿರಿ."

"ಎಂತಕ್ಕೆ?" ಎಂದು ಹಟ ಮಾಡಿದರು. ಅಂಥ ಹೊತ್ತಿನಲ್ಲಿ ಅವರಿಗೆ ಸಿಟ್ಟು ಬರುತ್ತದೆ. ಹಿಂದಿನ ಸೀಟಿನ ಒಬ್ಬ ಯುವತಿ ಅವರ ಹೆಗಲು ಹಿಡಿದು ನೆಟ್ಟಗೆ ಕೂರಿಸಿ, "ಸರ್, ಮದ್ದು ಸರ್, ಒಮ್ಮೆ ತಗೊಳ್ಳಿ" ಎಂದಳು. ಮದ್ದು ಎಂದ ಕೂಡಲೇ ಬಾಯಿ ತೆರೆದರು. ನುಂಗುತ್ತಿದ್ದಾರೆ ಎಂದು ನೋಡಿಕೊಂಡೇ ಒಂದೊಂದಾಗಿ ನಾಲ್ಕೂ ಸ್ಟ್ರಾಗಳನ್ನು ನಾಲಿಗೆಯ ಮೇಲೆ ಸುರಿದೆ, ನಡುವೆ ಒಂದೊಂದು ಗುಟುಕು ನೀರು. ಅಷ್ಟರಲ್ಲಿ ಮುಂದಿನ ಸೀಟಿನಿಂದ ಒಬ್ಬ ಅಜ್ಜಿ ದೇವರಿಗೆಂದು ಕೊಂಡುಹೋಗುತ್ತಿದ್ದ ಬಾಳೆಹಣ್ಣಿನ ಚಿಪ್ಪನ್ನೇ ಹಿಂದಕ್ಕೆ ಕಳಿಸಿದರು. "ದೇವರಿಗೆ ನಾಳೆ ಕೊಡ್ತೇನೆ, ಈಗ ಇವರಿಗೆ ಕೊಡಿ" ಎಂದರು.

ಹತ್ತು ನಿಮಿಷ ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಬೆವರು ನಿಂತಿತು. ಮೆಲ್ಲಗೆ ಸುತ್ತಲೂ ನೋಡಿ, ಇಡೀ ಬಸ್ಸು ತನ್ನನ್ನೇ ನೋಡುತ್ತಿರುವುದನ್ನು ಕಂಡು, "ಮರ ತೆಗೆದ್ರಾ?" ಎಂದು ಕೇಳಿದರು. ಬಸ್ಸಿನವರೆಲ್ಲ ಒಮ್ಮೆಗೇ ನಕ್ಕರು. ನಾನು ಮಾತ್ರ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದೆ. ಆ ಯುವತಿ ನನ್ನ ಬೆನ್ನು ಸವರುತ್ತಿದ್ದಳು. ಅವಳು ಯಾರು, ಯಾವ ಊರಿನವಳು ಎಂದು ಕೇಳಲೂ ಮರೆತೆ. ಅಜ್ಜಿ ಮಾಣಿಯಲ್ಲಿ ಇಳಿದು ಹೋದರು, ಅವರನ್ನೂ ಕೇಳಲಿಲ್ಲ.

ಪುತ್ತೂರು ತಲುಪುವಾಗ ಮೂರು ಗಂಟೆ. ಮೊದಲು ಒಬ್ಬ ಡಾಕ್ಟರಿಗೆ ತೋರಿಸಿ ಆಮೇಲೆ ಊಟಕ್ಕೆ ಹೋದೆವು. ಡಾಕ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗ್ಲೂಕೋಸ್ ಪುಡಿಯಾದರೆ ಇನ್ನೂ ಬೇಗ ಹತ್ತುತ್ತದೆ, ಮುಂದಕ್ಕೆ ಅದನ್ನೇ ತುಂಬಿಸಿ ಎಂದರು. ಇನ್ಸುಲಿನ್ ಚುಚ್ಚಿಕೊಂಡು ಊಟದ ಹೊತ್ತು ಮೀರಿಸುವುದು ಎಷ್ಟು ಅಪಾಯ ಎಂದು ಇವರಿಗೆ ಚೆನ್ನಾಗಿ ಬೈದರು. ಅದಕ್ಕೂ ನಾನು ಮನಸ್ಸಿನಲ್ಲೇ ವಂದನೆ ಹೇಳಿದೆ.

ಆ ಡಬ್ಬಿಯನ್ನು ನಾನು ಮಾಡಿದ್ದು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸರಿಯಾಗಿ ಯೋಚಿಸಿದರೆ ಅದರಲ್ಲಿ ನನ್ನದು ಎನ್ನುವುದು ಎಷ್ಟಿದೆ? ತಗಡು ಮರಳುಗಾಡಿನಲ್ಲಿ ದುಡಿಯುವ ಒಬ್ಬ ಮಗ ತಾಯಿಗೆ ತಂದದ್ದು, ರಾಳ ಸಹೋದ್ಯೋಗಿ ಕೊಟ್ಟದ್ದು, ಟ್ಯೂಬು ಬಿಗಿದವರು ಇವರು, ಕಿಸೆ ಹೊಲಿದವರು ಉಮ್ಮ. ಒಬ್ಬಳೇ ಇರುವಾಗ ಬೇಕಾಗುತ್ತದೆಂದು ಕಟ್ಟಿಕೊಂಡದ್ದು. ಕಟ್ಟುವಾಗಲೂ ನಾನು ಒಬ್ಬಳಿರಲಿಲ್ಲ, ಬಿಚ್ಚುವಾಗಲೂ ಇರಲಿಲ್ಲ.

ಮರುದಿನ ಸಂಜೆ ಉಮ್ಮನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ದೀರ್ಘವಾಗಿ ಅಲ್‌ಹಮ್ದುಲಿಲ್ಲಾಹ್ ಎಂದರು. ಇವರು ಈಗ ಹೇಗಿದ್ದಾರೆ, ಏನು ತಿಂದರು ಎಂದು ವಿಚಾರಿಸಿದರು. ಆಮೇಲೆ ಕೇಳಿದರು: "ಖಾಲಿಯಾದ ನಾಲ್ಕು ಸ್ಟ್ರಾ ಪುನಃ ತುಂಬಿಸಿದ್ರಾ ಟೀಚರೆ?"

"ಇಲ್ಲ ಉಮ್ಮ. ನಾಳೆ ಗ್ಲೂಕೋಸ್ ತಂದು..."

"ನಾಳೆ ಬೇಡ. ಗ್ಲೂಕೋಸ್ ಬರುವವರೆಗೆ ಸಕ್ಕರೆಯೇ ಇರಲಿ. ಈಗ ಫೋನು ಇಡಿ, ಮೊದಲು ಅದನ್ನು ಮಾಡಿ."

ಫೋನಿಟ್ಟು ಅಡುಗೆಮನೆಗೆ ಹೋದೆ. ಇವರು ಮೇಣದಬತ್ತಿ ಹಚ್ಚಿ ಹಿಡಿದರು, ನಾನು ಇಕ್ಕಳ ಹಿಡಿದೆ.